ಇದಿರುಬದಿರು ಢಿಕ್ಕಿಯೂ ಗಾಯಾಳುವಿನ ಪರಿಹಾರವೂ

ಒಂದು ಕೈಯಿಂದ ಚಪ್ಪಾಳೆಯಾಗದೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಇಬ್ಬರ ಜಗಳವನ್ನು ತೀರಿಸಲು ಕುಳಿತವರು, ಹೆಚ್ಚಿನ ವಿಚಾರಣೆಯ ತೊಂದರೆಯನ್ನು ತಪ್ಪಿಸಿಕೊಳ್ಳಬೇಕೆನಿಸಿದಾಗ, ಈ ಗಾದೆಯನ್ನು ಹೇಳಿ ಎದ್ದುಹೋಗುವುದುಂಟು. ಎರಡು ಮೋಟಾರು ಗಾಡಿಗಳು ಇದಿರುಬದಿರಾಗಿ ಬಂದು ಢಿಕ್ಕಿ ಹೊಡೆದುಕೊಂಡಾಗಲೂ ಜನರ ಬಾಯಲ್ಲಿ ಮೊದಲು ಬರುವುದು ಇದೇ ಮಾತು. ಇಬ್ಬರೂ ನುಗ್ಗಿಬಂದರು, ಇಬ್ಬರೂ ಪೆಟ್ಟುತಿಂದರು, ತಪ್ಪು ಅರ್ಧ ಇವನದು, ಅರ್ಧ ಅವನದು ಎಂದು ದಾರಿಹೋಕರು ತೀರ್ಮಾನಿಸಿಬಿಡುತ್ತಾರೆ. ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಆದರೆ ಈ ತೀರ್ಮಾನವು ಪೋಲೀಸರ ಕಾಗದಕ್ಕೂ, ಅಲ್ಲಿಂದ ವಿಮಾ ಕಂಪೆನಿಯ ಉತ್ತರಕ್ಕೂ, ಕಡೆಗೆ ಆಸ್ಪತ್ರೆಯಲ್ಲಿ ಮಲಗಿರುವ ಗಾಯಾಳುವಿನ ಮನಸ್ಸಿಗೂ ಇಳಿಯುತ್ತದೆ. ತನಗೆ ಬರತಕ್ಕ ಪರಿಹಾರದ ಅರ್ಧವನ್ನು ಅವನು ಕೇಳುವುದಕ್ಕೆ ಮುಂಚೆಯೇ ಬಿಟ್ಟುಕೊಟ್ಟಿರುತ್ತಾನೆ. ಆದಕಾರಣ ಈ ಗಾದೆಯು ರಸ್ತೆಯ ಮೇಲೆ ಎಷ್ಟರಮಟ್ಟಿಗೆ ಸಲ್ಲುವುದು, ಎಲ್ಲಿ ಸಲ್ಲದು ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ವಿಷಯವು ಸಣ್ಣದಲ್ಲ. ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಮಂತ್ರಾಲಯದ ಲೆಕ್ಕದಂತೆ 2022ನೆಯ ಇಸವಿಯೊಂದರಲ್ಲಿಯೇ ಭಾರತದಲ್ಲಿ 4,61,312 ರಸ್ತೆ ಅಪಘಾತಗಳು ನಡೆದವು. 1,68,491 ಜನರು ಪ್ರಾಣ ಕಳೆದುಕೊಂಡರು. 4,43,366 ಜನರು ಗಾಯಗೊಂಡರು. ಸತ್ತವರ ಸಂಖ್ಯೆಯನ್ನು ಓದಿ ನಾವು ಮರುಗುತ್ತೇವೆ. ಬದುಕಿ ಉಳಿದು, ಕುಂಟುತ್ತ, ಸಾಲ ತೀರಿಸುತ್ತ, ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತವರ ಸಂಖ್ಯೆಯು ಅದಕ್ಕಿಂತ ಬಹಳ ದೊಡ್ಡದೆಂಬುದನ್ನು ಮರೆಯುತ್ತೇವೆ. ಇಂದಿನ ಮಾತು ಮುಖ್ಯವಾಗಿ ಈ ಎರಡನೆಯವರನ್ನು ಕುರಿತದ್ದು.

ಮೊದಲು ಇದಿರುಬದಿರು ಢಿಕ್ಕಿಯ ಸ್ವರೂಪವನ್ನು ತಿಳಿದುಕೊಳ್ಳಬೇಕು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ದೂರವನ್ನು ದಾಟುತ್ತದೆ. ಇದಿರಿನಿಂದ ಅಷ್ಟೇ ವೇಗದಲ್ಲಿ ಇನ್ನೊಂದು ಬರುತ್ತಿದ್ದರೆ ಇವೆರಡರ ನಡುವಣ ಅಂತರವು ಸೆಕೆಂಡಿಗೆ 33 ಮೀಟರಿನಂತೆ ಕರಗುತ್ತದೆ. ಮನುಷ್ಯನು ಅಪಾಯವನ್ನು ಕಂಡು, ಕಂಡದ್ದನ್ನು ಅರಿತು, ಕಾಲನ್ನು ಬ್ರೇಕಿನ ಮೇಲೆ ಇಡುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆದರೆ ಐವತ್ತು ಮೀಟರು ಆಗಲೇ ಹೋಗಿರುತ್ತದೆ. ಬ್ರೇಕು ಹಿಡಿಯುವ ಕೆಲಸ ಇನ್ನೂ ಆರಂಭವಾಗಿರುವುದಿಲ್ಲ.

ಇಂಥ ಢಿಕ್ಕಿಗಳಲ್ಲಿ ಬಹಳಷ್ಟು ಮುಂದಿನ ಗಾಡಿಯನ್ನು ಹಿಂದೆಹಾಕುವ ಆತುರದಿಂದ ಆಗತಕ್ಕವು. ಒಂದು ಲಾರಿಯು ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಹೋಗುತ್ತಿದೆ, ಹಿಂದಿನ ಕಾರು 60 ಕಿಲೋಮೀಟರು ವೇಗದಲ್ಲಿ ಅದನ್ನು ದಾಟಬೇಕು ಎಂದಿಟ್ಟುಕೊಳ್ಳೋಣ. ಲಾರಿಯ ಹಿಂದೆ ಬಿಡಬೇಕಾದ ಅಂತರ, ಲಾರಿಯ ಉದ್ದ, ಮುಂದೆ ಬಿಡಬೇಕಾದ ಅಂತರ, ಇವನ್ನೆಲ್ಲ ಸೇರಿಸಿದರೆ ಕಾರು ಲಾರಿಗಿಂತ 40 ಮೀಟರು ಹೆಚ್ಚಾಗಿ ಸಾಗಬೇಕು. ಇದಕ್ಕೆ ಏಳು ಸೆಕೆಂಡಿಗೂ ಮಿಕ್ಕಿ ಹಿಡಿಯುತ್ತದೆ. ಅಷ್ಟು ಹೊತ್ತಿನಲ್ಲಿ ಕಾರು 120 ಮೀಟರು ಹೋಗಿರುತ್ತದೆ. ಇದಿರಿನಿಂದ ಬರುವ ಗಾಡಿಯೂ 120 ಮೀಟರು ಬಂದಿರುತ್ತದೆ. ಎಂದರೆ ಸುಮಾರು ಕಾಲು ಕಿಲೋಮೀಟರು ರಸ್ತೆಯು ಬರಿದಾಗಿ ಕಣ್ಣಿಗೆ ಕಾಣುತ್ತಿದ್ದರೆ ಮಾತ್ರ ಲಾರಿಯನ್ನು ದಾಟುವುದು ಕ್ಷೇಮ. ತಿರುವಿನಲ್ಲಿ, ದಿಣ್ಣೆಯ ನೆತ್ತಿಯಲ್ಲಿ, ಮುಂಜಾವಿನ ಮಂಜಿನಲ್ಲಿ ಅಷ್ಟು ದೂರ ಕಾಣುವುದಿಲ್ಲ. ಕಾಣದಿದ್ದರೂ ದಾಟಲು ಹೊರಟವನು ಇದಿರಿನವನ ಪ್ರಾಣವನ್ನು ಅವನ ಅಪ್ಪಣೆಯಿಲ್ಲದೆ ಪಣಕ್ಕೊಡ್ಡಿದನೆಂದೇ ಹೇಳಬೇಕು. ಇಲ್ಲಿ ಢಿಕ್ಕಿಗೆ ಎರಡು ಗಾಡಿಗಳು ಬೇಕಾದದ್ದು ನಿಜ. ತಪ್ಪಿಗೆ ಒಂದೇ ಸಾಕು.

ಗಾಡಿಗಳ ತೂಕದ ವಿಚಾರವೂ ಇದೆ. ಒಂದೇ ತೂಕದ ಎರಡು ಕಾರುಗಳು ತಲಾ 60 ಕಿಲೋಮೀಟರು ವೇಗದಲ್ಲಿ ಸಂಧಿಸಿದರೆ ಒಂದೊಂದಕ್ಕೂ 120 ಕಿಲೋಮೀಟರು ವೇಗದಲ್ಲಿ ಗೋಡೆಗೆ ಬಡಿದಷ್ಟು ಪೆಟ್ಟು ಎಂದು ಅನೇಕರು ಭಾವಿಸುತ್ತಾರೆ. ಇದು ಸರಿಯಲ್ಲ. ಎರಡೂ ನಿಂತಲ್ಲಿಯೇ ನಿಲ್ಲುವುದರಿಂದ ಒಂದೊಂದಕ್ಕೂ ಬೀಳುವುದು 60 ಕಿಲೋಮೀಟರು ವೇಗದಲ್ಲಿ ಗಟ್ಟಿ ಗೋಡೆಗೆ ಬಡಿದಷ್ಟು ಪೆಟ್ಟು. ಹಾಗೆಂದು ಅದು ಅಲ್ಪವಲ್ಲ. 14 ಮೀಟರು ಎತ್ತರದಿಂದ, ಎಂದರೆ ನಾಲ್ಕು ಅಂತಸ್ತಿನ ಮಾಳಿಗೆಯಿಂದ, ನೆಲಕ್ಕೆ ಬಿದ್ದಂತೆ. ತೂಕವು ಬೇರೆಬೇರೆಯಾದಾಗ ಮಾತ್ರ ಲೆಕ್ಕವು ಬದಲಾಗುತ್ತದೆ. ಒಂದು ಟನ್ನಿನ ಕಾರೂ ಒಂಬತ್ತು ಟನ್ನಿನ ಬಸ್ಸೂ ಅದೇ ವೇಗದಲ್ಲಿ ಸಂಧಿಸಿ, ಒಂದಕ್ಕೊಂದು ಕಚ್ಚಿಕೊಂಡು ಚಲಿಸಿದವೆಂದು ಭಾವಿಸಿದರೆ, ಢಿಕ್ಕಿಯ ಮರುಕ್ಷಣದಲ್ಲಿ ಎರಡೂ ಬಸ್ಸು ಹೋಗುತ್ತಿದ್ದ ದಿಕ್ಕಿನಲ್ಲಿಯೇ 48 ಕಿಲೋಮೀಟರು ವೇಗದಲ್ಲಿ ಹೋಗುತ್ತಿರುತ್ತವೆ. ಬಸ್ಸಿಗಾದ ವೇಗದ ವ್ಯತ್ಯಾಸ 12 ಕಿಲೋಮೀಟರು, ಕಾರಿಗಾದದ್ದು 108. ಬಸ್ಸಿನ ಚಾಲಕನು ಗಾಜಿನ ಚೂರುಗಳನ್ನು ಕೊಡವಿಕೊಂಡು ಕೆಳಗಿಳಿಯುತ್ತಾನೆ. ಕಾರಿನಲ್ಲಿದ್ದವರನ್ನು ತಗಡು ಕತ್ತರಿಸಿ ತೆಗೆಯಬೇಕಾಗುತ್ತದೆ. ಅಲ್ಲದೆ ಕಾರನ್ನು ಬಸ್ಸು ಹಿಮ್ಮೆಟ್ಟಿಸಿ ಬಹುದೂರ ನೂಕಿಕೊಂಡು ಹೋಗಿರುತ್ತದೆ. ಈ ಕಡೆಯ ಅಂಶವನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ತಪ್ಪು ಯಾರದೆಂಬ ವಿಚಾರ ಬಂದಾಗ ಇದರಿಂದ ಪ್ರಯೋಜನವಾಗುವುದು.

ಇನ್ನು ಶರೀರಕ್ಕಾಗುವ ಗಾಯದ ಮಾತು. ಇಂಥ ಅಪಘಾತದಲ್ಲಿ ಒಂದರ ಬೆನ್ನಿಗೊಂದರಂತೆ ಮೂರು ಢಿಕ್ಕಿಗಳಾಗುತ್ತವೆ. ಗಾಡಿಯು ಗಾಡಿಗೆ ಬಡಿಯುವುದು ಮೊದಲನೆಯದು. ಗಾಡಿಯು ನಿಂತರೂ ಒಳಗಿನ ಮನುಷ್ಯನು ಹಿಂದಿನ ವೇಗದಲ್ಲಿಯೇ ಮುಂದಕ್ಕೆ ಹಾರಿ ಚಕ್ರಕ್ಕೋ ಗಾಜಿಗೋ ಮುಂದಿನ ಆಸನಕ್ಕೋ ಬಡಿಯುವುದು ಎರಡನೆಯದು. ಅವನ ಶರೀರವು ನಿಂತ ಮೇಲೆಯೂ ಮಿದುಳು, ಪಿತ್ತಕೋಶ, ಗುಲ್ಮ ಮೊದಲಾದ ಒಳ ಅವಯವಗಳು ಮುಂದುವರಿದು ತಮ್ಮ ಗೂಡಿನ ಗೋಡೆಗೆ ಬಡಿಯುವುದು ಮೂರನೆಯದು. ಸ್ವೀಡನ್ನಿನ ಇಂಜಿನಿಯರು ನಿಲ್ಸ್ ಬೋಲಿನ್ ಎಂಬವನು ವೋಲ್ವೋ ಕಂಪೆನಿಗಾಗಿ ರೂಪಿಸಿ 1959ರಲ್ಲಿ ಬಳಕೆಗೆ ಬಂದ, ಮೂರು ಕಡೆ ಬಿಗಿಯುವ ಸೀಟು ಬೆಲ್ಟು ಎರಡನೆಯ ಢಿಕ್ಕಿಯನ್ನು ಬಹಳಮಟ್ಟಿಗೆ ತಡೆಯುತ್ತದೆ. ಮೂರನೆಯದು ಕಣ್ಣಿಗೆ ಕಾಣುವುದಿಲ್ಲ. ಮಂಡಿಯು ಮುಂದಿನ ಹಲಗೆಗೆ ಬಡಿದ ಪೆಟ್ಟು ತೊಡೆಯೆಲುಬಿನ ಮೂಲಕ ಸಾಗಿ ಸೊಂಟದ ಕೀಲನ್ನು ತಪ್ಪಿಸಬಹುದು. ತಲೆಯೊಳಗಿನ ರಕ್ತಸ್ರಾವವು ಗಂಟೆಗಳ, ಕೆಲವೊಮ್ಮೆ ದಿವಸಗಳ ಬಳಿಕ ತೋರಿಬರಬಹುದು. ಆದಕಾರಣ ರಕ್ತ ಕಾಣಲಿಲ್ಲವೆಂದು ಮನೆಗೆ ನಡೆದುಹೋಗಿ ಮಲಗುವುದು ಅವಿವೇಕ. ಅದೇ ದಿವಸ ಆಸ್ಪತ್ರೆಗೆ ಹೋಗಿ, ಇದು ರಸ್ತೆ ಅಪಘಾತವೆಂದು ಹೇಳಿ, ಎಲ್ಲೆಲ್ಲಿ ನೋವಿದೆಯೆಂಬುದನ್ನು ಬರೆಯಿಸಬೇಕು. ಪ್ರಾಣಕ್ಕೆ ಇದು ಒಳ್ಳೆಯದು; ಪರಿಹಾರಕ್ಕೂ ಒಳ್ಳೆಯದು. ಮೂರು ವಾರ ಕಳೆದು ಮೊದಲ ಸಲ ಹೇಳಿದ ಸೊಂಟನೋವು ಈ ಅಪಘಾತದಿಂದಲೇ ಬಂದದ್ದೆಂದು ಸಿದ್ಧಪಡಿಸುವುದು ಕಷ್ಟ.

ಈಗ ಕಾನೂನಿನ ಬಾಗಿಲಿಗೆ ಬರೋಣ. ಸತ್ತವನ ಕುಟುಂಬಕ್ಕೆ ಪರಿಹಾರ ಕೇಳುವ ಹಕ್ಕನ್ನು ಭಾರತದಲ್ಲಿ 1855ರ ಮಾರಕ ಅಪಘಾತಗಳ ಕಾಯಿದೆಯೇ ಕೊಟ್ಟಿತ್ತು. ಆದರೆ ಅದಕ್ಕೆ ಸಾಧಾರಣ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬೇಕಾಗಿತ್ತು. ಗೆದ್ದರೂ ಗಾಡಿಯ ಯಜಮಾನನು ದಿವಾಳಿಯಾಗಿದ್ದರೆ ಡಿಕ್ರಿಯ ಕಾಗದ ಮಾತ್ರ ಕೈಯಲ್ಲಿ ಉಳಿಯುತ್ತಿತ್ತು. 1939ರ ಮೋಟಾರು ವಾಹನಗಳ ಕಾಯಿದೆಯು ಪರರಿಗೆ ಆಗುವ ಹಾನಿಗಾಗಿ ಗಾಡಿಯ ಯಜಮಾನನು ವಿಮೆ ಮಾಡಿಸಲೇಬೇಕೆಂದು ವಿಧಿಸಿತು. 1956ರ ತಿದ್ದುಪಡಿಯಿಂದ ಇಂಥ ಅರ್ಜಿಗಳಿಗಾಗಿಯೇ ಪರಿಹಾರ ನ್ಯಾಯಾಧಿಕರಣಗಳೆಂಬ ಪ್ರತ್ಯೇಕ ವ್ಯವಸ್ಥೆಯು ಬಂದಿತು. ಈಗ ನಡೆಯುತ್ತಿರುವುದು 1988ರ ಕಾಯಿದೆ. ಅದನ್ನು 2019ರಲ್ಲಿ ವಿಸ್ತಾರವಾಗಿ ತಿದ್ದಿ, ಪರಿಹಾರಕ್ಕೆ ಸಂಬಂಧಿಸಿದ ಹೊಸ ಭಾಗಗಳನ್ನು 2022ನೆಯ ಏಪ್ರಿಲ್ 1ರಿಂದ ಜಾರಿಗೆ ತಂದಿದ್ದಾರೆ. ಅಪಘಾತವು ಎಲ್ಲಿಯೇ ಆಗಿರಲಿ, ಗಾಯಾಳುವು ತಾನು ವಾಸವಾಗಿರುವ ಊರಿನ ನ್ಯಾಯಾಧಿಕರಣದಲ್ಲಿಯೂ ಅರ್ಜಿ ಕೊಡಬಹುದು. ಪುಣೆಯ ಹತ್ತಿರ ಗಾಯಗೊಂಡ ಬೆಂಗಳೂರಿನವರು ಬೆಂಗಳೂರಿನ ಲಘುವ್ಯವಹಾರ ನ್ಯಾಯಾಲಯದಲ್ಲಿರುವ ನ್ಯಾಯಾಧಿಕರಣದ ಮುಂದೆಯೇ ನಿಲ್ಲಬಹುದು. ಹೀಗೆ ಪರಿಹಾರವೆಂಬುದು ಯಜಮಾನನ ದಯೆಯಿಂದ ಬರುವ ದಾನವಲ್ಲ. ಅದಕ್ಕಾಗಿಯೇ ಕಟ್ಟಿದ ವಿಮಾ ನಿಧಿಯಿಂದ ಬರತಕ್ಕ ಹಕ್ಕು.

ಇಷ್ಟಾದ ಮೇಲೆ ಗಾದೆಯ ಪ್ರಶ್ನೆಗೆ ಹಿಂತಿರುಗೋಣ. ಇದಿರುಬದಿರು ಢಿಕ್ಕಿಯಲ್ಲಿ ತಪ್ಪನ್ನು ಹಂಚುವುದು ಹೇಗೆ? ಇಲ್ಲಿ ಮೂರು ಬಗೆಯ ಗಾಯಾಳುಗಳನ್ನು ಬೇರ್ಪಡಿಸಿ ನೋಡಬೇಕು.

ಮೊದಲನೆಯವನು ಸುಮ್ಮನೆ ಒಳಗೆ ಕುಳಿತಿದ್ದ ಪ್ರಯಾಣಿಕ. ಅವನು ಚಕ್ರವನ್ನು ಹಿಡಿದವನಲ್ಲ. ಆದಕಾರಣ ಚಪ್ಪಾಳೆಯಲ್ಲಿ ಅವನ ಕೈಯೇ ಇಲ್ಲ. ಇಬ್ಬರು ಚಾಲಕರ ತಪ್ಪೂ ಸೇರಿ ಅವನಿಗೆ ಹಾನಿಯಾಗಿದ್ದರೆ ಅದನ್ನು ಕಾನೂನಿನಲ್ಲಿ ಸಂಯುಕ್ತ ನಿರ್ಲಕ್ಷ್ಯವೆನ್ನುತ್ತಾರೆ. ಇಂಥವನು ಇಬ್ಬರಿಂದಲೂ ಪರಿಹಾರ ಕೇಳಬಹುದು. ಇಷ್ಟಬಂದರೆ ಒಬ್ಬನಿಂದಲೇ ಪೂರ್ತಿ ಹಣವನ್ನು ವಸೂಲುಮಾಡಬಹುದು. ತಮ್ಮೊಳಗಿನ ಪಾಲನ್ನು ಅವರು ಬಳಿಕ ತೀರಿಸಿಕೊಳ್ಳತಕ್ಕದ್ದು. 2015ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಸಂದೇಹಕ್ಕೆಡೆಯಿಲ್ಲದಂತೆ ಹೇಳಿದೆ. "ನಮ್ಮ ಗಾಡಿಯ ತಪ್ಪು ಅರ್ಧ, ಅರ್ಧ ಹಣವನ್ನು ಮಾತ್ರ ಕೊಡುತ್ತೇವೆ" ಎಂಬ ಉತ್ತರವು ಪ್ರಯಾಣಿಕನ ಮುಂದೆ ನಿಲ್ಲತಕ್ಕದ್ದಲ್ಲ. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಖಾಸಗಿ ಕಾರಿಗೆ ಕಾನೂನಿನ ಕಡ್ಡಾಯಕ್ಕೆ ಬೇಕಾದಷ್ಟೇ ವಿಮೆ ಮಾಡಿಸಿದ್ದರೆ, ಅದರೊಳಗೆ ಕುಳಿತ ನೆಂಟರಿಗೂ ಸ್ನೇಹಿತರಿಗೂ ಆ ಪಾಲಿಸಿಯಿಂದ ಸಾಧಾರಣವಾಗಿ ರಕ್ಷಣೆ ದೊರೆಯದು. ಪ್ಯಾಕೇಜು ಪಾಲಿಸಿಯಿದ್ದರೆ ದೊರೆಯುವುದು. ಆದಕಾರಣ ಇಂಥ ಅರ್ಜಿಗಳಲ್ಲಿ ಎರಡು ಗಾಡಿಗಳ ಯಜಮಾನರನ್ನೂ ವಿಮಾ ಕಂಪೆನಿಗಳನ್ನೂ ಪ್ರತಿವಾದಿಗಳನ್ನಾಗಿ ಸೇರಿಸುವುದು ಜಾಣತನ.

ಎರಡನೆಯವನು ತನ್ನ ಪಾರ್ಶ್ವದಲ್ಲಿಯೇ ಸರಿಯಾಗಿ ಬರುತ್ತಿದ್ದು, ಇದಿರಿನವನ ತಪ್ಪಿನಿಂದ ಗಾಯಗೊಂಡ ಚಾಲಕ. ಇವನ ಪರಿಹಾರದಲ್ಲಿಯೂ ಕಡಿತವಿಲ್ಲ. ಇದಿರಿನವನು ಹಠಾತ್ತನೆ ಅಡ್ಡಬಂದಾಗ, ಆ ಗಾಬರಿಯ ಕ್ಷಣದಲ್ಲಿ ಇವನು ಎಡಕ್ಕೆ ತಿರುಗಿಸುವ ಬದಲು ಬಲಕ್ಕೆ ತಿರುಗಿಸಿದನೆಂಬ ಮಾತ್ರಕ್ಕೆ ತಪ್ಪಿತಸ್ಥನಾಗುವುದಿಲ್ಲ. ಮನೆಯಲ್ಲಿ ಕುಳಿತು ನಿಧಾನವಾಗಿ ಆಲೋಚಿಸಿ ಕಂಡುಹಿಡಿದ ಉತ್ತಮ ಉಪಾಯವನ್ನು ಒಂದು ಸೆಕೆಂಡಿನಲ್ಲಿ ಕಾಣಲಿಲ್ಲವೆಂದು ಯಾರನ್ನೂ ದೂರಬಾರದೆಂಬುದು ನ್ಯಾಯಾಲಯಗಳು ಒಪ್ಪಿದ ತತ್ತ್ವ.

ಮೂರನೆಯವನು ತನ್ನ ಗಾಯಕ್ಕೆ ತಾನೂ ಸ್ವಲ್ಪ ಕಾರಣನಾದ ಚಾಲಕ. ಇದಕ್ಕೆ ಸಹಭಾಗಿ ನಿರ್ಲಕ್ಷ್ಯವೆಂದು ಹೆಸರು. ಸಂಯುಕ್ತ ನಿರ್ಲಕ್ಷ್ಯಕ್ಕೂ ಇದಕ್ಕೂ ಇರುವ ಭೇದವನ್ನು 2008ರ ಒಂದು ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ವಿವರಿಸಿದೆ. ಇವನ ತಪ್ಪು ನಾಲ್ಕರಲ್ಲೊಂದು ಪಾಲೆಂದು ಸಿದ್ಧವಾದರೆ ಪರಿಹಾರದ ನಾಲ್ಕರಲ್ಲೊಂದು ಪಾಲು ಕಡಿತವಾಗುತ್ತದೆ. ಉಳಿದ ಮುಕ್ಕಾಲು ಬರಲೇಬೇಕು. ತಪ್ಪೆಲ್ಲವೂ ತನ್ನದೇ ಆದ ಚಾಲಕನಿಗೆ ಇದಿರಿನ ಗಾಡಿಯಿಂದ ಈ ಮಾರ್ಗದಲ್ಲಿ ಏನೂ ಬರುವುದಿಲ್ಲ. ಅಂಥವನು ಗಾಡಿಯ ಯಜಮಾನನೇ ಆಗಿದ್ದಲ್ಲಿ, ಯಜಮಾನ ಚಾಲಕನಿಗಾಗಿ ಇರುವ ವೈಯಕ್ತಿಕ ಅಪಘಾತ ವಿಮೆಯನ್ನು ನೋಡಿಕೊಳ್ಳಬೇಕು. ಅದರ ಮೊಬಲಗನ್ನು 2018ರಲ್ಲಿ 15 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು.

ಆದರೆ ತಪ್ಪಿನ ಪಾಲು ಸಿದ್ಧವಾಗುವುದು ಯಾವುದರಿಂದ? ಗಾದೆಯ ಮಾತು ನ್ಯಾಯಾಲಯದಲ್ಲಿಯೂ ಒಮ್ಮೆ ಕೇಳಿಬಂದಿತ್ತು. ಕಾರೂ ಬಸ್ಸೂ ಸಂಧಿಸಿದ ಒಂದು ಮೊಕದ್ದಮೆಯಲ್ಲಿ, 2006ರಲ್ಲಿ, ಇದಿರುಬದಿರು ಢಿಕ್ಕಿಯಾದಾಗ ಇಬ್ಬರು ಚಾಲಕರೂ ಹೊಣೆಗಾರರೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿತು. ಇದನ್ನು ಹಿಡಿದುಕೊಂಡು ವಿಮಾ ಕಂಪೆನಿಗಳು ಅರ್ಧ ಪಾಲನ್ನು ವಾದಿಸುವುದುಂಟು. ಆದರೆ 2013ರಲ್ಲಿ, ಕೇರಳದಿಂದ ಬಂದ ಅಂಥದೇ ಇನ್ನೊಂದು ಮೊಕದ್ದಮೆಯಲ್ಲಿ, ಅದೇ ನ್ಯಾಯಾಲಯವು ಸಾಕ್ಷ್ಯವನ್ನು ಸೂಕ್ಷ್ಮವಾಗಿ ತೂಗಿತು. ಢಿಕ್ಕಿಯಾದ ಮೇಲೆ ಗಾಡಿಗಳು ಎಲ್ಲಿ ನಿಂತಿದ್ದವೆಂದು ಸ್ಥಳಮಹಜರಿನಲ್ಲಿ ಬರೆದಿರುವುದಷ್ಟರಿಂದಲೇ ತಪ್ಪು ಯಾರದೆಂದು ನಿರ್ಣಯಿಸಲಾಗದು. ಗಾಡಿಗಳ ವೇಗ, ಪೆಟ್ಟಿನ ರಭಸ, ಬಡಿದ ಜಾಗ, ಬಡಿಯಲು ಕಾರಣ, ಇವೆಲ್ಲದರಿಂದಲೂ ನಿಲುವು ಬದಲಾಗುತ್ತದೆ ಎಂಬುದು ಆ ತೀರ್ಪಿನ ಸಾರ. ಬಸ್ಸು ಕಾರನ್ನು ಹಿಂದಕ್ಕೆ ನೂಕಿಕೊಂಡು ಹೋಗುತ್ತದೆಂದು ಮೊದಲು ಹೇಳಿದ ಲೆಕ್ಕವನ್ನು ಇಲ್ಲಿ ಸ್ಮರಿಸಿಕೊಳ್ಳಿ. ತನ್ನ ಪಾರ್ಶ್ವದಲ್ಲಿಯೇ ಬರುತ್ತಿದ್ದ ಕಾರು ತಿರುಚಿಕೊಂಡು ರಸ್ತೆಯ ಬೇರೆ ಪಾರ್ಶ್ವದಲ್ಲಿ ಬಿದ್ದಿರಬಹುದು. ನಿಂತ ಜಾಗವನ್ನು ನೋಡಿ ತಪ್ಪನ್ನು ಹೊರಿಸಿದರೆ ಪೆಟ್ಟುತಿಂದವನೇ ದಂಡವನ್ನೂ ತೆತ್ತಂತಾಗುವುದು.

ಆದಕಾರಣ ಢಿಕ್ಕಿಯಾದ ಸ್ಥಳದ ಗುರುತುಗಳಿಗೆ ಬಹಳ ಬೆಲೆಯಿದೆ. ಟಯರು ಉಜ್ಜಿದ ಕಪ್ಪು ಗೆರೆ, ಮುರಿದ ಲೋಹವು ಡಾಂಬರನ್ನು ಕೊರೆದ ಗಾಯ, ಗಾಜಿನ ಚೂರುಗಳ ರಾಶಿ, ಇವು ಬಡಿದ ಜಾಗವನ್ನು ತೋರಿಸತಕ್ಕವು. ಒಂದು ಮಳೆಯಿಂದ, ಒಂದು ಪೊರಕೆಯಿಂದ ಇವು ಅಳಿಸಿಹೋಗುತ್ತವೆ. ಸಂಗಡ ಇದ್ದವರು, ನೆಂಟರು, ದಾರಿಹೋಕರು ಯಾರಾದರೂ ತಮ್ಮ ಮೊಬೈಲಿನಿಂದ ರಸ್ತೆಯ ಅಗಲವೆಲ್ಲ ಕಾಣುವಂತೆ ನಾಲ್ಕು ಚಿತ್ರಗಳನ್ನು ತೆಗೆದಿಟ್ಟರೆ ಅದು ಮುಂದೆ ಹತ್ತು ಸಾಕ್ಷಿಗಳಿಗೆ ಸಮನಾಗುವುದು. ಮೋಟಾರು ವಾಹನ ನಿರೀಕ್ಷಕರ ವರದಿ, ಸ್ಥಳದ ನಕ್ಷೆ, ಪ್ರಥಮ ವರ್ತಮಾನ ವರದಿ, ಆರೋಪಪಟ್ಟಿ, ಇವುಗಳ ನಕಲುಗಳನ್ನು ಸಂಪಾದಿಸಬೇಕು. ನ್ಯಾಯಾಧಿಕರಣದಲ್ಲಿ ಕ್ರಿಮಿನಲ್ ಮೊಕದ್ದಮೆಯಷ್ಟು ಕಠಿನವಾದ ರುಜುವಾತು ಬೇಕಿಲ್ಲ. ಯಾವ ಪಕ್ಷದ ಮಾತು ಹೆಚ್ಚು ಸಂಭವನೀಯವೆಂದು ತೋರಿದರೆ ಸಾಕು. ಚಾಲಕನು ಕ್ರಿಮಿನಲ್ ನ್ಯಾಯಾಲಯದಲ್ಲಿ ಬಿಡುಗಡೆಯಾದನೆಂಬ ಮಾತ್ರಕ್ಕೆ ಪರಿಹಾರದ ಅರ್ಜಿಯು ಬಿದ್ದುಹೋಗದು.

ತಪ್ಪು ನಿರ್ಣಯವಾದ ಬಳಿಕ ಮೊಬಲಗಿನ ವಿಚಾರ. ಸತ್ತವರ ವಿಷಯದಲ್ಲಿ ವಯಸ್ಸಿಗೆ ತಕ್ಕ ಗುಣಕಗಳನ್ನು 2009ರಲ್ಲಿಯೂ, ಮುಂದೆ ಏರಬಹುದಾಗಿದ್ದ ಆದಾಯಕ್ಕೆ ಸೇರಿಸತಕ್ಕ ಪಾಲನ್ನು 2017ರಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ಗೊತ್ತುಮಾಡಿತು. ಗಾಯಾಳುಗಳ ವಿಷಯದಲ್ಲಿ 2011ರ ಒಂದು ತೀರ್ಪು ದಾರಿದೀಪವಾಗಿದೆ. ಚಿಕಿತ್ಸೆಯ ವೆಚ್ಚ, ಆಸ್ಪತ್ರೆಯಲ್ಲಿದ್ದಾಗ ತಪ್ಪಿದ ಸಂಪಾದನೆ, ಮುಂದಿನ ಸಂಪಾದನೆಗಾಗುವ ನಷ್ಟ, ಮುಂದಿನ ಚಿಕಿತ್ಸೆ, ನೋವು ಸಂಕಟಗಳು, ಬಾಳಿನ ಸುಖದ ಹಾನಿ, ಹೀಗೆ ಒಂದೊಂದು ಬಾಬನ್ನೂ ಬೇರೆಬೇರೆಯಾಗಿ ಲೆಕ್ಕಹಾಕತಕ್ಕದ್ದೆಂದು ಅದು ಹೇಳುತ್ತದೆ. ಅದರಲ್ಲಿರುವ ಮುಖ್ಯವಾದ ತತ್ತ್ವವು ಇನ್ನೊಂದು. ಶರೀರದ ಊನ ಬೇರೆ, ಸಂಪಾದನೆಯ ಊನ ಬೇರೆ. ಎಡಗೈಯನ್ನು ಕಳೆದುಕೊಂಡವನ ಶಾರೀರಿಕ ಊನವನ್ನು ವೈದ್ಯರು ನೂರಕ್ಕೆ ಅರುವತ್ತರಷ್ಟೆಂದು ಬರೆಯಬಹುದು. ಆದರೆ ಅವನು ಬಡಗಿಯೋ ಚಾಲಕನೋ ಆಗಿದ್ದರೆ ಸಂಪಾದನೆಯು ನೂರಕ್ಕೆ ನೂರೂ ಹೋದಂತೆಯೇ. ಸರ್ಕಾರಿ ಗುಮಾಸ್ತನಾಗಿದ್ದರೆ ಕೆಲಸವು ಹೋಗದೆಯೇ ಇರಬಹುದು. ಈ ನಿದರ್ಶನವನ್ನು ನ್ಯಾಯಾಲಯವೇ ಕೊಟ್ಟಿದೆ. ಅಂತೆಯೇ ಒಂದು ಕಾಲಿಗೆ ನೂರಕ್ಕೆ ನಲವತ್ತೈದು ಊನವೆಂದರೆ ಇಡೀ ಶರೀರಕ್ಕೆ ಅಷ್ಟೇ ಊನವೆಂದಲ್ಲ. ಆದಕಾರಣ ವೈದ್ಯರ ಪ್ರಮಾಣಪತ್ರವೊಂದೇ ಸಾಲದು; ಗಾಯಕ್ಕೆ ಮುಂಚೆ ತಾನು ಯಾವ ಕೆಲಸವನ್ನು ಹೇಗೆ ಮಾಡುತ್ತಿದ್ದೆನು, ಈಗ ಅದರಲ್ಲಿ ಯಾವುದನ್ನು ಮಾಡಲಾರೆನು ಎಂಬುದನ್ನು ಗಾಯಾಳುವು ಸಾಕ್ಷ್ಯದಿಂದ ತೋರಿಸಬೇಕು.

ಲೆಕ್ಕವು ಮನಸ್ಸಿಗೆ ಹತ್ತುವಂತೆ ಒಂದು ಕಲ್ಪಿತ ನಿದರ್ಶನವನ್ನು ತೆಗೆದುಕೊಳ್ಳೋಣ. ತಿಂಗಳಿಗೆ 20,000 ರೂಪಾಯಿ ಸಂಪಾದಿಸುವ, 34 ವರ್ಷ ವಯಸ್ಸಿನ ಒಬ್ಬ ದರ್ಜಿಯಿದ್ದಾನೆ. ಬಾಡಿಗೆ ಕಾರಿನಲ್ಲಿ ಪ್ರಯಾಣಿಸುತ್ತಿದ್ದಾಗ ಇದಿರು ಢಿಕ್ಕಿಯಾಗಿ ಬಲಗಾಲು ಜಖಂ ಆಯಿತು; ಹೊಲಿಗೆಯ ಯಂತ್ರವನ್ನು ಮೊದಲಿನಂತೆ ತುಳಿಯಲಾರ; ಸಂಪಾದನೆಯ ಶಕ್ತಿಯು ನೂರಕ್ಕೆ 40ರಷ್ಟು ಹೋಯಿತೆಂದು ಸಿದ್ಧವಾಯಿತು. ವರ್ಷದ ಆದಾಯ 2,40,000. ಸ್ವಂತ ಕಸಬಿನವನು, ನಲವತ್ತಕ್ಕೆ ಕಡಿಮೆ ವಯಸ್ಸಿನವನು. ಆದಕಾರಣ ಮುಂದಿನ ಏಳಿಗೆಗಾಗಿ ನೂರಕ್ಕೆ 40 ಸೇರಿಸಿದರೆ 3,36,000. ಅದರಲ್ಲಿ ನೂರಕ್ಕೆ 40 ಎಂದರೆ 1,34,400. ಅವನ ವಯಸ್ಸಿಗೆ ಗುಣಕವು 16. ಗುಣಿಸಿದರೆ 21,50,400 ರೂಪಾಯಿ. ಚಿಕಿತ್ಸೆಯ ವೆಚ್ಚ, ನೋವಿನ ಪರಿಹಾರ, ಬಡ್ಡಿ ಇವೆಲ್ಲವೂ ಇದರ ಮೇಲೆ. ಇವನು ಪ್ರಯಾಣಿಕನಾದ್ದರಿಂದ ಕಡಿತವಿಲ್ಲ. ಇವನೇ ಚಾಲಕನಾಗಿದ್ದು ನಾಲ್ಕರಲ್ಲೊಂದು ಪಾಲು ತಪ್ಪುಳ್ಳವನಾಗಿದ್ದರೆ ಆ ಮೊಬಲಗು 16,12,800ಕ್ಕೆ ಇಳಿಯುತ್ತಿತ್ತು.

ಈ ದರ್ಜಿಯ ಹಾಸಿಗೆಯ ಬಳಿಗೆ ಈಗ ಯಾರೋ ಬಂದು, "ತಪ್ಪು ಯಾರದೆಂಬ ವಿಚಾರಣೆಯೇ ಬೇಡ, ಎರಡೂವರೆ ಲಕ್ಷ ರೂಪಾಯಿ ಬೇಗನೆ ಬರುತ್ತದೆ, ರುಜು ಹಾಕು" ಎನ್ನುತ್ತಾರೆಂದು ಭಾವಿಸಿ. ಇದು ಮೋಸವೇ ಆಗಿರಬೇಕೆಂದಿಲ್ಲ. ಕಾಯಿದೆಯ 164ನೆಯ ವಿಧಿಯಲ್ಲಿ ತಪ್ಪನ್ನು ರುಜುವಾತುಪಡಿಸದೆಯೇ ಮರಣಕ್ಕೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಪಡೆಯುವ ಮಾರ್ಗವು ನಿಜವಾಗಿ ಇದೆ. ಸಾಕ್ಷ್ಯವಿಲ್ಲದವರಿಗೆ, ತಪ್ಪಿನ ವಿಚಾರದಲ್ಲಿ ತಮ್ಮ ಪಕ್ಷವು ದುರ್ಬಲವಾಗಿರುವವರಿಗೆ ಅದು ಆಶ್ರಯವೇ ಸರಿ. ಆದರೆ ಆ ವಿಧಿಯ ಮೇರೆಗೆ ಹಣವನ್ನು ಸ್ವೀಕರಿಸಿದರೆ 166ನೆಯ ವಿಧಿಯ ಮೇರೆಗೆ ಪೂರ್ಣ ಪರಿಹಾರ ಕೇಳಿದ ಅರ್ಜಿಯು ಅಲ್ಲಿಗೆ ಮುಗಿದುಹೋಗುತ್ತದೆ. ಎರಡೂವರೆ ಲಕ್ಷದ ಬಾಗಿಲನ್ನು ತೆರೆದಾಗ ಇಪ್ಪತ್ತೊಂದು ಲಕ್ಷದ ಬಾಗಿಲು ಮುಚ್ಚುತ್ತದೆ. ಲೋಕ ಅದಾಲತ್ತಿನ ರಾಜಿಯೂ ಹೀಗೆಯೇ ಅಂತಿಮವಾದದ್ದು. ಅದರ ಮೇಲೆ ಅಪೀಲಿಲ್ಲ. ರಾಜಿಯು ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಗಾಯವು ಮಾಗಿ, ಊನವು ಎಷ್ಟೆಂದು ಗೊತ್ತಾಗಿ, ಲೆಕ್ಕವನ್ನು ಒಮ್ಮೆ ಹಾಕಿಸಿದ ಮೇಲೆ ರಾಜಿಯಾಗುವುದು ವಿವೇಕ. ಪಟ್ಟಿ ಬಿಚ್ಚುವುದಕ್ಕೆ ಮುಂಚೆ ರುಜು ಹಾಕುವುದು ಅವಿವೇಕ.

ಹಾಗೆಂದು ಸುಮ್ಮನೆ ಕುಳಿತಿರಲೂ ಆಗದು. 2022ರಿಂದ ಜಾರಿಗೆ ಬಂದ ನಿಯಮದಂತೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಕೊಡಬೇಕು. ಈ ಅವಧಿಯ ನ್ಯಾಯವು ಸರ್ವೋಚ್ಚ ನ್ಯಾಯಾಲಯದ ಮುಂದೆ ಪ್ರಶ್ನೆಯಾಗಿ ಬಂದು, ಕಾಲ ಮೀರಿತೆಂಬ ಕಾರಣದಿಂದ ಅರ್ಜಿಗಳನ್ನು ವಜಾಮಾಡಬಾರದೆಂದು 2025ರ ನವೆಂಬರಿನಲ್ಲಿ ಮಧ್ಯಂತರ ಆಜ್ಞೆಯಾಯಿತು. ಆದರೂ ಆರು ತಿಂಗಳೊಳಗೆ ಕೊಡುವವನಿಗೆ ಆ ಚಿಂತೆಯೇ ಇರುವುದಿಲ್ಲ. ಪೋಲೀಸರೂ 48 ಗಂಟೆಗಳೊಳಗೆ ನ್ಯಾಯಾಧಿಕರಣಕ್ಕೆ ಮೊದಲ ವರದಿಯನ್ನು, ಮೂರು ತಿಂಗಳೊಳಗೆ ವಿಸ್ತಾರವಾದ ವರದಿಯನ್ನು ಕಳುಹಿಸತಕ್ಕದ್ದು. ಆ ವರದಿಯನ್ನೇ ಪರಿಹಾರದ ಅರ್ಜಿಯೆಂದು ಸ್ವೀಕರಿಸಲು ಕಾಯಿದೆಯಲ್ಲಿ ಅವಕಾಶವಿದೆ. ವರದಿಯು ಹೋಯಿತೇ ಇಲ್ಲವೇ ಎಂದು ವಿಚಾರಿಸಿಕೊಳ್ಳುವುದು ಗಾಯಾಳುವಿನ ಮನೆಯವರ ಕೆಲಸ. ಢಿಕ್ಕಿ ಹೊಡೆದ ಗಾಡಿಯು ಗುರುತು ಸಿಕ್ಕದೆ ಓಡಿಹೋಗಿದ್ದರೆ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಕೊಡುವ ಯೋಜನೆ ಬೇರೆಯಿದೆ. ಮೊದಲ ಏಳು ದಿವಸಗಳ ಚಿಕಿತ್ಸೆಗೆ, ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ, ಒಂದೂವರೆ ಲಕ್ಷ ರೂಪಾಯಿಗಳವರೆಗೆ ಕೈಯಿಂದ ಹಣ ಕೊಡದೆ ಆರೈಕೆ ಪಡೆಯುವ ಯೋಜನೆಯನ್ನು ಕೇಂದ್ರ ಸರ್ಕಾರವು 2025ರ ಮೇ ತಿಂಗಳಲ್ಲಿ ಪ್ರಕಟಿಸಿತು.

ವಕೀಲರ ವಿಷಯವಾಗಿ ಒಂದು ಮಾತು. ಬಂದ ಪರಿಹಾರದಲ್ಲಿ ಇಷ್ಟು ಪಾಲೆಂದು ಶುಲ್ಕವನ್ನು ಗೊತ್ತುಮಾಡುವುದು ಭಾರತದ ವಕೀಲರ ಪರಿಷತ್ತಿನ ನಿಯಮಗಳಿಗೆ ವಿರುದ್ಧವಾದದ್ದು. ಆಸ್ಪತ್ರೆಯ ಬಾಗಿಲಲ್ಲಿ ಕಾದು ಖಾಲಿ ಕಾಗದಕ್ಕೆ ರುಜು ಹಾಕಿಸಿಕೊಳ್ಳುವ ಮಧ್ಯವರ್ತಿಗಳನ್ನು ದೂರವಿಡಬೇಕು. ಸ್ತ್ರೀಯರು, ಮಕ್ಕಳು, ಅಂಗವಿಕಲರು, ಬಡವರು ಮೊದಲಾದವರು 1987ರ ಕಾಯಿದೆಯ ಮೇರೆಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಧರ್ಮಾರ್ಥವಾಗಿ ವಕೀಲರನ್ನು ಪಡೆಯಬಹುದು.

ಮನೆಯ ಜನರು ಮಾಡತಕ್ಕ ಕೆಲಸವು ಇದಕ್ಕಿಂತ ಸರಳವಾದದ್ದು. ಒಂದು ಚೀಲವನ್ನಿಟ್ಟು ಅದರಲ್ಲಿ ಆಸ್ಪತ್ರೆಯ ಪ್ರತಿಯೊಂದು ಚೀಟಿ, ಔಷಧದ ರಸೀತಿ, ಕ್ಷಕಿರಣದ ಚಿತ್ರ, ಗಾಡಿಬಾಡಿಗೆಯ ಲೆಕ್ಕ, ಸಂಬಳದ ಅಥವಾ ವ್ಯಾಪಾರದ ದಾಖಲೆ, ಎರಡು ಗಾಡಿಗಳ ನಂಬರು ಮತ್ತು ಪಾಲಿಸಿಯ ವಿವರ, ಕಣ್ಣಾರೆ ಕಂಡವರ ಹೆಸರು ವಿಳಾಸಗಳು, ಇವನ್ನು ತಾರೀಖಿನ ಕ್ರಮದಲ್ಲಿ ಹಾಕುತ್ತ ಬರಬೇಕು. ಗಾಯಾಳುವಿಗೆ ನೀರು ಕೊಡುವ, ಪಕ್ಕ ಹೊರಳಿಸುವ ಮನೆಯಾಕೆಯ ಶ್ರಮಕ್ಕೂ ಬೆಲೆಯುಂಟು; ಆರೈಕೆಯ ಬಾಬಿನಲ್ಲಿ ಅದನ್ನು ಕೇಳಬಹುದು.

ಇದಿರು ಢಿಕ್ಕಿಗೆ ಉತ್ತಮವಾದ ಪರಿಹಾರವು ಅದು ಆಗದಂತೆ ನೋಡಿಕೊಳ್ಳುವುದೇ ಎಂಬುದರಲ್ಲಿ ಸಂದೇಹವಿಲ್ಲ. ರಸ್ತೆಯ ನಡುವೆ ಗಟ್ಟಿಯಾದ ವಿಭಜಕವನ್ನು ಕಟ್ಟಿದಲ್ಲಿ ಹೋಗುವ ಗಾಡಿಯೂ ಬರುವ ಗಾಡಿಯೂ ಒಂದರ ದಾರಿಯನ್ನೊಂದು ಮುಟ್ಟುವುದಿಲ್ಲ. ತಪ್ಪು ದಿಕ್ಕಿನಲ್ಲಿ ನುಗ್ಗುವ ದುಸ್ಸಾಹಸಿಯೊಬ್ಬನೇ ಅಲ್ಲಿ ಉಳಿದ ಅಪಾಯ. ಎಲ್ಲ ರಸ್ತೆಗಳೂ ಹಾಗಾಗುವವರೆಗೆ ಕಾಲು ಕಿಲೋಮೀಟರಿನ ಲೆಕ್ಕವನ್ನು ಚಾಲಕರು ಮರೆಯದಿರಲಿ. ಮುಂದಿನ ಆಸನದವರಂತೆ ಹಿಂದಿನ ಆಸನದವರೂ ಬೆಲ್ಟನ್ನು ಬಿಗಿದುಕೊಳ್ಳಲಿ. ಬಿದ್ದವರನ್ನು ಎತ್ತಿ ಆಸ್ಪತ್ರೆಗೆ ಸಾಗಿಸಲು ಯಾರೂ ಹೆದರಬೇಕಾದದ್ದಿಲ್ಲ. ಹಾಗೆ ನೆರವಾದವರಿಗೆ ತೊಂದರೆಯಾಗದಂತೆ ಕಾಯಿದೆಯಲ್ಲಿಯೇ ರಕ್ಷಣೆಯನ್ನು ಕೊಟ್ಟಿದೆ.

ಆದದ್ದು ಆಗಿಹೋದಾಗ ಮಾತ್ರ ನಾವು ಇಷ್ಟನ್ನು ನೆನೆಯೋಣ. ಇದಿರುಬದಿರು ಢಿಕ್ಕಿಯಲ್ಲಿ ಗಾಡಿಗಳು ಎರಡಾದರೂ ತಪ್ಪು ಎರಡೆಂದು ಮೊದಲೇ ಒಪ್ಪಬಾರದು. ಪ್ರಯಾಣಿಕನ ಪಾಲಿಗೆ ತಪ್ಪೇ ಇಲ್ಲ. ಚಾಲಕನ ಪಾಲನ್ನು ನಿರ್ಣಯಿಸತಕ್ಕದ್ದು ಸಾಕ್ಷ್ಯ. ಊನವನ್ನು ಅಳೆಯತಕ್ಕದ್ದು ಗಾಯಾಳುವಿನ ಕಸಬಿನಿಂದ. ಇವುಗಳಿಗೆ ಬೇಕಾದ ಕಾಗದಗಳು ಹುಟ್ಟುವುದು ಮೊದಲ ಕೆಲವು ದಿವಸಗಳಲ್ಲಿ, ಎಂದರೆ ಗಾಯಾಳುವು ತಾನಾಗಿ ಏನನ್ನೂ ಮಾಡಿಕೊಳ್ಳಲಾರದ ದಿವಸಗಳಲ್ಲಿ. ಆಗ ಅವನ ಪಕ್ಕದಲ್ಲಿ ನಿಂತವರು ಗಾದೆಯನ್ನು ಬದಿಗಿಟ್ಟು ಚೀಟಿಗಳನ್ನು ಕೂಡಿಟ್ಟರೆ, ಅವನ ಮುಂದಿನ ಬಾಳಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.